ಅಂಚೆಯ ಕಾಗದವೂ ಅಂಗಡಿಯ ಲೆಕ್ಕವೂ

ತಿಲಕ್ ನಗರದ ಬೀದಿಗಳಲ್ಲಿ ಸಂಜೆಯ ಹೊತ್ತು ಸೊಪ್ಪು ಕೊಳ್ಳುವವರನ್ನು ನೋಡಿರಿ. ಎರಡು ಕಟ್ಟು ದಂಟಿನ ಸೊಪ್ಪಿಗೆ ಹಣ ಕೊಡಬೇಕಾದವರು ಚೀಲದಿಂದ ನಾಣ್ಯವನ್ನು ತೆಗೆಯುವುದಿಲ್ಲ. ಗಾಡಿಗೆ ಅಂಟಿಸಿದ ಚೌಕದ ಚಿತ್ರದ ಮುಂದೆ ಫೋನನ್ನು ಹಿಡಿಯುತ್ತಾರೆ. ಪುಟ್ಟ ಪೆಟ್ಟಿಗೆಯೊಂದು ಹಣ ಬಂದಿತೆಂದು ಕೂಗುತ್ತದೆ. ಸೊಪ್ಪು ಬೆಂದು ಊಟವೂ ಮುಗಿಯಿತು. ಆದರೆ ಯಾರು, ಯಾರಿಗೆ, ಎಷ್ಟು, ಯಾವ ಕ್ಷಣದಲ್ಲಿ ಕೊಟ್ಟರೆಂಬ ಲೆಕ್ಕ ಮಾತ್ರ ಎಲ್ಲಿಯೋ ಇರುವ ಗಣಕಯಂತ್ರದಲ್ಲಿ ಉಳಿಯಿತು. ಈ ಲೆಕ್ಕವನ್ನು ಪೋಲೀಸರು ಕೇಳಿದರೆ ಕಂಪೆನಿಯು ಕೊಡಲೇಬೇಕೆ? ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಹೀಗೆ ಕೇಳಿದಾಗ ಬೆಳಕಿನ ವ್ಯತಿಕರಣದ ಪಾಠವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು.

ಪ್ರಶ್ನೆಯು ನಮ್ಮ ಉಚ್ಚ ನ್ಯಾಯಾಲಯದ ಮುಂದೆಯೇ ಬಂದಿದ್ದಿತು. ಕ್ರಿಕೆಟ್ ಜೂಜಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಪೋಲೀಸರು 2022ರಲ್ಲಿ ಬೆಂಗಳೂರಿನದೇ ಆದ ಫೋನ್‌ಪೇ ಕಂಪೆನಿಗೆ ನೋಟೀಸು ಕೊಟ್ಟು ವ್ಯವಹಾರದ ವಿವರಗಳನ್ನು ಕೇಳಿದರು. ಗ್ರಾಹಕರ ಗುಟ್ಟನ್ನು ಕಾಯಬೇಕೆಂದು ಪಾವತಿ ವ್ಯವಸ್ಥೆಯ ಕಾಯಿದೆಯೂ ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯಿದೆಯೂ ತನ್ನನ್ನು ಕಟ್ಟಿಹಾಕಿವೆಯೆಂದು ಕಂಪೆನಿಯು ವಾದಿಸಿತು. 2025ರ ಏಪ್ರಿಲ್ ತಿಂಗಳಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ವಾದವನ್ನು ಒಪ್ಪದೆ ಅರ್ಜಿಯನ್ನು ವಜಾ ಮಾಡಿದರು. ಇದರಲ್ಲಿ ನನಗೆ ತಕರಾರಿಲ್ಲ. ಮೋಸಹೋದವನು 1930ಕ್ಕೆ ಕರೆಮಾಡಿ ದೂರು ಹೇಳಿಕೊಳ್ಳುವಷ್ಟರಲ್ಲಿಯೇ ಕಳ್ಳನು ಹಣವನ್ನು ನಾಲ್ಕಾರು ಖಾತೆಗಳಿಗೆ ದಾಟಿಸಿಬಿಟ್ಟಿರುತ್ತಾನೆ. ಅವನ ಬೆನ್ನು ಹತ್ತುವವರಿಗೆ ಆ ಒಂದು ವ್ಯವಹಾರದ ವಿವರ ದೊರೆಯಲೇಬೇಕು.

ನನ್ನ ಶಂಕೆ ಬೇರೆಡೆ ಇದೆ. ಕೇಳಿಕೆಗೆ ಸಹಿ ಹಾಕತಕ್ಕವರು ಯಾರು? 1973ರ ದಂಡ ಪ್ರಕ್ರಿಯಾ ಸಂಹಿತೆಯ 91ನೆಯ ಪ್ರಕರಣದಂತೆ ಠಾಣೆಯ ಅಧಿಕಾರಿಯು ಲಿಖಿತ ಆಜ್ಞೆ ಕೊಟ್ಟರೆ ಸಾಕಾಗಿದ್ದಿತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಪ್ರಕರಣದಲ್ಲಿಯೂ ಹಾಗೆಯೇ ಇದೆ. ಆದರೆ ಅದೇ ಪ್ರಕರಣವು ಅಂಚೆಯವರ ವಶದಲ್ಲಿರುವ ಕಾಗದ, ಕಾರ್ಡುಗಳನ್ನು ಹೊರಗಿಟ್ಟಿದೆ! ಅವು ಬೇಕಾದರೆ, ಮುಂದಿನ ಪ್ರಕರಣದಂತೆ, ಜಿಲ್ಲಾ ಮ್ಯಾಜಿಸ್ಟ್ರೇಟರೋ ನ್ಯಾಯಾಲಯವೋ ಹೇಳಬೇಕು. ಯಾರು ಬೇಕಾದರೂ ಓದಬಹುದಾದ ಅಂಚೆ ಕಾರ್ಡಿಗೆ ಇರುವ ಕಾವಲು ನಮ್ಮ ವರ್ಷಗಟ್ಟಲೆಯ ಓಡಾಟದ ಲೆಕ್ಕಕ್ಕೆ ಇಲ್ಲ.

ಓಡಾಟವೆಂದೆನಲ್ಲವೆ? ಅದರ ಭೌತವಿಜ್ಞಾನವನ್ನು ಸ್ವಲ್ಪ ನೋಡೋಣ. ರೇಡಿಯೋ ಅಲೆಯು ಒಂದು ಮೈಕ್ರೋಸೆಕೆಂಡಿನಲ್ಲಿ ಸುಮಾರು 300 ಮೀಟರು ಸಾಗುತ್ತದೆ. ಉಪಗ್ರಹಗಳಿಂದ ಬರುವ ಇಂತಹ ಅಲೆಗಳ ಕಾಲವನ್ನು ಅಳೆದು ಫೋನು ತಾನಿರುವ ಎಡೆಯನ್ನು ಕೆಲವೇ ಮೀಟರುಗಳ ಅಂತರದಲ್ಲಿ ಲೆಕ್ಕಹಾಕುತ್ತದೆ. ಆಕಾಶವೇ ಕಾಣದ ಕೋಣೆಯಲ್ಲಿ ಕುಳಿತರೂ, ಯಾವ ಗೋಪುರದ ಯಾವ ದಿಕ್ಕಿನ ಆಂಟೆನಾ ನಮ್ಮ ಕರೆಯನ್ನು ಹಿಡಿಯಿತೆಂಬುದು ದಾಖಲಾಗುತ್ತದೆ. ದಟ್ಟವಾದ ನಗರದಲ್ಲಿ ಇದರ ಹರವು ಕೆಲವು ನೂರು ಮೀಟರು ಮಾತ್ರ. ಇಷ್ಟು ಒರಟಾದ ಅಳತೆಯಿಂದ ಏನು ತಿಳಿದೀತು ಎನ್ನಬೇಡಿರಿ. 2013ರಲ್ಲಿ ದ ಮೊಂಜ್ವಾ ಮತ್ತು ಅವರ ಜೊತೆಗಾರರು 15 ಲಕ್ಷ ಜನರ ಹದಿನೈದು ತಿಂಗಳ ಇಂತಹ ದಾಖಲೆಗಳನ್ನು ಪರೀಕ್ಷಿಸಿದರು. ಹೆಸರುಗಳನ್ನು ತೆಗೆದುಹಾಕಿದ್ದರೂ, ಸ್ಥಳ ಮತ್ತು ಕಾಲಗಳ ನಾಲ್ಕೇ ನಾಲ್ಕು ಬಿಂದುಗಳು ನೂರಕ್ಕೆ 95 ಜನರನ್ನು ಗುಂಪಿನಿಂದ ಬೇರ್ಪಡಿಸಲು ಸಾಕಾದವು. ತಿಂಗಳಿಗೊಮ್ಮೆ ಜಯದೇವ ಆಸ್ಪತ್ರೆಯ ಬಳಿ ಅರ್ಧ ದಿನ ನಿಲ್ಲುವ ಬಿಂದುವು ಏನನ್ನು ಸೂಚಿಸುತ್ತದೆಂದು ಹೇಳಲು ವೈದ್ಯರು ಬೇಕಿಲ್ಲ. ಇನ್ನು, ಬೀದಿಯಲ್ಲಿ ಒಂದು ಸರ ಕಳುವಾಯಿತೆಂದು ಆ ಹೊತ್ತಿನ ಗೋಪುರದ ದಾಖಲೆಯನ್ನೆಲ್ಲ ತರಿಸಿದರೆ, ಕಳ್ಳನೊಬ್ಬನ ಜೊತೆಗೆ ಸೊಪ್ಪು ಕೊಳ್ಳುತ್ತಿದ್ದವರೆಲ್ಲರೂ ಪಟ್ಟಿಯಲ್ಲಿ ಸೇರುತ್ತಾರೆ. ಸಂಕೇತಕ್ಕಿಂತ ಗದ್ದಲವೇ ಹೆಚ್ಚಾದ ಅಳತೆಯನ್ನು ಪ್ರಯೋಗಶಾಲೆಯಲ್ಲಿ ನಾವು ನಂಬುವುದಿಲ್ಲ.

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಕಾರ್ಪೆಂಟರ್ ಎಂಬಾತನ ಮೊಕದ್ದಮೆಯಲ್ಲಿ, ಇಂತಹ ಗೋಪುರದ ದಾಖಲೆಗಳನ್ನು ಪಡೆಯಲು ಸಾಮಾನ್ಯವಾಗಿ ನ್ಯಾಯಾಧೀಶರ ವಾರಂಟು ಬೇಕೆಂದಿತು. ಪೋಲೀಸರು ಆತನ 127 ದಿನಗಳ 12,898 ಬಿಂದುಗಳನ್ನು ಪಡೆದಿದ್ದರು. ನಮ್ಮಲ್ಲಿಯೂ ಆಧಾರಗಳಿಲ್ಲದಿಲ್ಲ. ದೂರವಾಣಿಯ ಕದ್ದಾಲಿಕೆಯ ಆಪಾದನೆಗಾಗಿ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯ ಪದವಿಯನ್ನೇ ಬಿಟ್ಟ ನಾಡಿದು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತಹ ಆಲಿಕೆಗೆ ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಆಜ್ಞೆಯೇ ಬೇಕೆಂದು ಕಟ್ಟು ಮಾಡಿತು. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಸರ್ಕಾರವು ಅದರೊಳಗೆ ಕೈಹಾಕುವುದಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶಕ್ಕೆ ತಕ್ಕಷ್ಟು ಪ್ರಮಾಣವೂ ಇರಬೇಕು.

ಆದುದರಿಂದ ನನ್ನ ಅಭಿಪ್ರಾಯ ಹೀಗಿದೆ: ಖಾತೆಯ ಒಡೆಯನ ಹೆಸರು, ದೂರಿನಲ್ಲಿರುವ ವ್ಯವಹಾರ, ಇಷ್ಟಕ್ಕೆ ಠಾಣಾಧಿಕಾರಿಯ ನೋಟೀಸು ಸಾಕು. ತಿಂಗಳುಗಳ ಓಡಾಟ, ಬೀದಿಯಲ್ಲಿದ್ದವರೆಲ್ಲರ ಪಟ್ಟಿ, ಇವಕ್ಕೆ ಅಂಚೆಯ ಕಾಗದಕ್ಕೆ ಇರುವಂತೆ ಮೇಲಿನವರ ಆಜ್ಞೆ ಬೇಕು; ತನಿಖೆ ಮುಗಿದ ಮೇಲೆ ಸಂಬಂಧಪಟ್ಟವರಿಗೆ ತಿಳಿಸಲೂಬೇಕು. ಕಂಪೆನಿಗಳೂ ಬೇಡದ್ದನ್ನು ಕೂಡಿಡಬಾರದು. ಗೂಗಲ್ ಕಂಪೆನಿಯು ಬಳಕೆದಾರರ ಓಡಾಟದ ಚರಿತ್ರೆಯನ್ನು ತನ್ನ ಯಂತ್ರಗಳಿಗೆ ಬದಲು ಅವರವರ ಫೋನಿನಲ್ಲಿಯೇ ಇಡುವುದಾಗಿ 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು. ತನ್ನ ಬಳಿ ಇಲ್ಲದ್ದನ್ನು ಅದು ಯಾರಿಗೆ ತಾನೆ ಕೊಟ್ಟೀತು?

ಇದರಿಂದ ತನಿಖೆ ತಡವಾಗುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಅದೇ ಹೊಸ ಸಂಹಿತೆಯ 530ನೆಯ ಪ್ರಕರಣವು ನ್ಯಾಯಾಲಯದ ನಡವಳಿಗಳನ್ನು ವಿದ್ಯುನ್ಮಾನ ಸಾಧನಗಳ ಮೂಲಕ ನಡೆಸಲು ಅವಕಾಶ ಕೊಟ್ಟಿದೆ. ಸೊಪ್ಪಿನ ಹಣ ಕಣ್ಣು ಮಿಟುಕಿಸುವಷ್ಟರಲ್ಲಿ ತಲಪುವ ಈ ಊರಿನಲ್ಲಿ, ಠಾಣೆಯ ಕೋರಿಕೆಯೊಂದು ಮ್ಯಾಜಿಸ್ಟ್ರೇಟರ ಮೇಜಿಗೆ ಅದೇ ದಿನ ತಲಪಲಾರದೆಂದರೆ ನಾನು ನಂಬಲಾರೆ.