ಮನೆಯ ಅಳತೆ ಯಾವುದರಿಂದ?

ನಮ್ಮ ಭಾಗದ ಹಳ್ಳಿಗಳಲ್ಲಿ ಹತ್ತಾರು ಅಂಕಣದ ಮಾಳಿಗೆ ಮನೆಗಳಲ್ಲಿ ಈಗ ಇಬ್ಬರೇ ವಯಸ್ಸಾದವರು ಉಳಿದಿರುವುದು ಸಾಮಾನ್ಯವಾಗಿದೆ. ದಢೇಸುಗೂರಿನ ನಮ್ಮ ಮನೆಯೂ ಅಂಥದ್ದೇ. ಮಕ್ಕಳು ಬೆಂಗಳೂರು, ಹೈದರಾಬಾದ್ ಸೇರಿದ್ದಾರೆ. ಇದನ್ನು ಇಟ್ಟುಕೊಳ್ಳಬೇಕೋ, ಸಣ್ಣ ಮನೆಗೆ ಹೋಗಬೇಕೋ ಎಂಬ ಮಾತು ನಮ್ಮಲ್ಲಿ ನಡೆದಿದೆ. ಸಣ್ಣ ಮನೆಯೇ ಸರಿ ಎಂಬುದು ನನ್ನ ನಿಲುವು.

ಹಿರಿಯರು ದೊಡ್ಡ ಮನೆ ಕಟ್ಟಿದ್ದು ಪ್ರತಿಷ್ಠೆಗಲ್ಲ, ಕಾಯಕಕ್ಕೆ. ಜೋಳಕ್ಕೆ ಹಗೇವು ಬೇಕಿತ್ತು, ಎತ್ತುಗಳಿಗೆ ಕೊಟ್ಟಿಗೆ ಬೇಕಿತ್ತು, ಆಳುಕಾಳು ಉಣ್ಣಲು ಪಡಸಾಲೆ ಬೇಕಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ನಮ್ಮ ತಾಲ್ಲೂಕು ಭತ್ತದ ಸೀಮೆಯಾಯಿತು. ಈಗ ಯಂತ್ರ ಕೊಯ್ದ ಭತ್ತ ಗದ್ದೆಯಿಂದಲೇ ಲಾರಿ ಏರುತ್ತದೆ. ಹಗೇವು ಖಾಲಿ, ಕೊಟ್ಟಿಗೆ ಖಾಲಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವ ಖರ್ಚು ಮಾತ್ರ ಉಳಿದಿದೆ.

ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣ ದಂಪತಿ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದರು. ಅಕ್ಕಿಗೆ ಸಲ್ಲುವ ಮಾತು ಅಂಕಣಕ್ಕೂ ಸಲ್ಲುತ್ತದೆ. ಬಳಸದೆ ಬೀಗ ಹಾಕಿಟ್ಟ ಕೋಣೆಯೂ ಸಂಗ್ರಹವೇ.

'ಹಿರಿಯರ ಮನೆ ಬಿಟ್ಟರೆ ಕೇಡು, ದೇವರ ಜಗಲಿ ಕದಲಿಸಬಾರದು' ಎನ್ನುವವರಿದ್ದಾರೆ. ಬಸವಾದಿ ಶರಣರು ಲಿಂಗವನ್ನು ಗೋಡೆಗೆ ಕಟ್ಟಲಿಲ್ಲ, ಅಂಗಕ್ಕೆ ಕಟ್ಟಿದರು. ಇಷ್ಟಲಿಂಗಧಾರಿ ಹೋದಲ್ಲೇ ಪೂಜೆ. ಇದಕ್ಕೆ ಪಂಚಾಂಗವನ್ನೂ ವಾಸ್ತುವನ್ನೂ ಕೇಳಬೇಕಾಗಿಲ್ಲ.

ಕೇಳಬೇಕಾದವರು ಬೇರೆ ಇದ್ದಾರೆ. ಸಿಂಧನೂರಿಗೆ ಹೋದರೆ ದವಾಖಾನೆ ಹತ್ತಿರ ಎಂದು ನಾನು ಅಂದಾಗ ನಮ್ಮ ಮನೆಯವರು ಅಂದದ್ದು: "ಮನಿ ಸಣ್ಣದಾಗ್ಲಿ, ಊರು ಬಿಡೂದು ಬ್ಯಾಡ. ಅಲ್ಲಿ ನನ್ನ ಮಾತಾಡ್ಸವ್ರು ಯಾರದಾರ?" ಈ ಮಾತಿನಲ್ಲಿ ತೂಕವಿದೆ. ಮನೆ ಕಿರಿದು ಮಾಡುವುದು ಬೇರೆ, ನೆರೆಹೊರೆ ಕಳೆದುಕೊಳ್ಳುವುದು ಬೇರೆ. ಹಾಗಾಗಿ ಇದೇ ಮನೆಯಲ್ಲಿ ಮೂರು ಅಂಕಣ ನಮಗಿಟ್ಟುಕೊಂಡು, ರಸ್ತೆ ಕಡೆಯ ಪಡಸಾಲೆಯನ್ನು ಊರ ಮಕ್ಕಳ ಸಂಜೆ ಓದಿಗೆ ದಾಸೋಹವಾಗಿ ಬಿಡುವ ಆಲೋಚನೆ ಬಂದಿದೆ.

ಇನ್ನೊಬ್ಬರು ಹೆಣ್ಣುಮಕ್ಕಳು. ಲಿಂಗಾಯತರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೆಯ ಕಲಂ, ಗಂಡು ವಾರಸುದಾರರು ಪಾಲಾಗಲು ಮನಸ್ಸು ಮಾಡುವತನಕ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳದಂತೆ ತಡೆದಿತ್ತು. 2005ರ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಉಡಿ ತುಂಬಿ, ಸೀರೆ ಕೊಟ್ಟು ಕಳಿಸುವ ರೂಢಿ ನಮ್ಮ ಮನೆತನಗಳಲ್ಲಿ ನಿಂತಿಲ್ಲ. ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಮಠದಲ್ಲಿ ಕೇಳಿ ತಲೆದೂಗುವ ನಾವು, ಮನೆಯ ಪಾಲಿನಲ್ಲಿ ಅದನ್ನು ಮರೆಯುವುದು ಶರಣತತ್ವಕ್ಕೆ ಒಪ್ಪುವುದಿಲ್ಲ.

ನಮ್ಮ ಇಬ್ಬರು ಮಕ್ಕಳಿಗೂ, ಅಂದರೆ ಮಗಳಿಗೂ ಮಗನಿಗೂ, ಶ್ರಾವಣದಲ್ಲಿ ಬರಲು ಹೇಳಿದ್ದೇವೆ. ನಾಲ್ವರೂ ಕೂತು, ನಾಲ್ವರೂ ಒಪ್ಪಿದ ಮೇಲೆಯೇ ಕಾಗದ. ಇಂಥ ಮನೆಯಲ್ಲಿರುವ ಶರಣಬಂಧುಗಳು ಎರಡು ಪ್ರಶ್ನೆ ಕೇಳಿಕೊಳ್ಳಲಿ: ಈ ಮನೆಯಲ್ಲಿ ಇಂದು ಯಾವ ಕಾಯಕ, ಯಾವ ದಾಸೋಹ ನಡೆದಿದೆ? ಇದರ ತೀರ್ಮಾನದಲ್ಲಿ ಯಾರ ಮಾತು ಇನ್ನೂ ಕೇಳಿಲ್ಲ?