ಎದೆ ನೋಡುವ ಮೊದಲು ಕಾಲು ನೋಡಿ

ನಮಗೆ ಹೃದಯದ ನೆನಪಾಗುವುದು ಯಾರಾದರೂ ಹಠಾತ್ತನೆ ಸತ್ತಾಗ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯೆದುರು ಮತ್ತದೇ ಸಾಲು. ಆದರೆ ಮೋರಟಗಿಯಂಥ ಊರಿನಲ್ಲಿ ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿರುವವರು ಯಾವ ಸಾಲಿನಲ್ಲೂ ಇರಲಿಲ್ಲ. ನಿಜವಾದ ಅಪಾಯವಿರುವುದು ಅವರಿಗೆ.

ದವಾಖಾನೆಯಲ್ಲಿ ನಾವು ಕೇಳುವುದೂ, ಅವರು ಹೇಳುವುದೂ ಒಂದೇ ಮಾತು: 'ಶುಗರ್ ಎಷ್ಟದ?' ಆ ಅಂಕಿ ಕೇಳಿ ಮನೆಗೆ ಬರುತ್ತೇವೆ. ಸಕ್ಕರೆ ಕಾಯಿಲೆ ಮುಖ್ಯವಾಗಿ ಕೊಲ್ಲುವುದು ರಕ್ತನಾಳಗಳನ್ನು ಕೆಡಿಸಿ ಎಂಬುದನ್ನು ಮರೆಯುತ್ತೇವೆ. ಅದು ನರಗಳನ್ನೂ ಮಂಕಾಗಿಸುವುದರಿಂದ ಹೃದಯಾಘಾತವಾದಾಗಲೂ ಕೆಲವರಿಗೆ ಎದೆನೋವು ಬರುವುದಿಲ್ಲ. ಬೆವರು, ಏದುಸಿರು, ಸುಸ್ತು ಅಷ್ಟೇ. 'ಗ್ಯಾಸ್ ಆಗ್ಯಾದ' ಎಂದು ಸೋಡಾ ಕುಡಿದು ಮಲಗುತ್ತೇವೆ. ಹೊಲಕ್ಕೆ ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುವ ನೋವನ್ನು ವಯಸ್ಸಿನ ಮೇಲೆ ಹಾಕುತ್ತೇವೆ. ಅದು ಕಾಲಿನ ರಕ್ತನಾಳ ಮುಚ್ಚುತ್ತಿರುವ ಸೂಚನೆಯಾಗಿರಬಹುದು. ಕಾಲಿನದು ಮುಚ್ಚಿದ್ದರೆ ಹೃದಯದ್ದೂ ಸುರಕ್ಷಿತವಲ್ಲ.

ಹಾಗಿದ್ದರೆ ಹೃದಯ ತಪಾಸಣಾ ಶಿಬಿರಗಳಿವೆಯಲ್ಲ ಎನ್ನುವಿರಿ. ಅಲ್ಲಿ ಮಲಗಿಸಿ ಒಂದು ಇಸಿಜಿ ತೆಗೆಯುತ್ತಾರೆ. 'ನಾರ್ಮಲ್ ಅದ' ಎಂದರೆ ನಾಳದಲ್ಲಿ ಅಡ್ಡಿಯಿಲ್ಲವೆಂದು ಅರ್ಥವಲ್ಲ. ಆದರೂ ಆ ಚೀಟಿಯನ್ನು ತಾಯತದಂತೆ ಜೇಬಿನಲ್ಲಿಟ್ಟುಕೊಂಡು ಗುಟ್ಕಾ ಬಾಯಿಗೆ ಹಾಕುತ್ತೇವೆ. ಇನ್ನು ಕೆಲವರನ್ನು ಭಯಪಡಿಸಿ ಊರಿನಿಂದ ನಗರಕ್ಕೆ, ನಗರದಿಂದ ಆಂಜಿಯೋಗ್ರಾಮ್‌ಗೆ ಸಾಗಿಸಲಾಗುತ್ತದೆ. ತೊಂದರೆಯೇ ಇಲ್ಲದ ಮಧುಮೇಹಿಗಳ ಹೃದಯವನ್ನು ದುಬಾರಿ ಯಂತ್ರಗಳಿಂದ ಜಾಲಾಡಿದರೆ ಜೀವ ಉಳಿಯುತ್ತದೆಯೇ? 1,123 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಡಯಾಡ್ ಅಧ್ಯಯನವೂ, 900 ಮಂದಿಯ ಮೇಲೆ ನಡೆದು 2014ರಲ್ಲಿ ಬಂದ ಫ್ಯಾಕ್ಟರ್-64 ಅಧ್ಯಯನವೂ ಗಣನೀಯ ಲಾಭ ಕಾಣಲಿಲ್ಲ.

ಲಾಭ ಕಂಡದ್ದು ಸಾದಾ ಕೆಲಸದಲ್ಲಿ. 2004ರ ಕಾರ್ಡ್ಸ್ ಅಧ್ಯಯನದಲ್ಲಿ ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ಗುಳಿಗೆಯೊಂದೇ ಮಧುಮೇಹಿಗಳಲ್ಲಿ ಹೃದಯಾಘಾತ, ಲಕ್ವದಂಥ ದೊಡ್ಡ ಆಪತ್ತುಗಳನ್ನು ಶೇ. 37ರಷ್ಟು ತಗ್ಗಿಸಿತು. ಡೆನ್ಮಾರ್ಕಿನಲ್ಲಿ ಸಕ್ಕರೆ, ರಕ್ತದೊತ್ತಡ, ಕೊಬ್ಬು ಮೂರನ್ನೂ ಒಟ್ಟಿಗೆ ಹಿಡಿತಕ್ಕೆ ತಂದಾಗ ಇಂಥ ಆಪತ್ತು ಸುಮಾರು ಅರ್ಧಕ್ಕಿಳಿಯಿತು.

ಎದೆನೋವು, ಏದುಸಿರು ಇದ್ದವರಿಗೆ ಹೃದಯ ಪರೀಕ್ಷೆ ಆಗಲೇಬೇಕು, ತಡಮಾಡದೆ ಆಗಬೇಕು. ಅದರಲ್ಲಿ ಎರಡು ಮಾತಿಲ್ಲ. ಉಳಿದವರಿಗೆ ನಾವು ಕೇಳುವುದು ಇಷ್ಟೇ: ಪ್ರತಿ ಭೇಟಿಯಲ್ಲೂ ರಕ್ತದೊತ್ತಡ. ವರ್ಷಕ್ಕೊಮ್ಮೆಯಾದರೂ ಚಪ್ಪಲಿ ಬಿಡಿಸಿ ಪಾದದ ನಾಡಿ ಮುಟ್ಟಿ ನೋಡುವುದು, ಮೂತ್ರದಲ್ಲಿ ಪ್ರೋಟೀನ್ ಮತ್ತು ರಕ್ತದಲ್ಲಿ ಕೊಬ್ಬಿನ ಪರೀಕ್ಷೆ. ಪಾದದ ನಾಡಿ ಸಿಗದಿದ್ದರೆ ಕಾಲಿನ ಮತ್ತು ತೋಳಿನ ರಕ್ತದೊತ್ತಡವನ್ನು ತಾಳೆ ನೋಡುವುದು. ಕಾಲಿನದು ತೋಳಿನದರ 0.9 ಪಟ್ಟು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆಯೆಂದರ್ಥ. ನಲವತ್ತು ದಾಟಿದವರಿಗೆ ವೈದ್ಯರು ನೋಡಿ ಕೊಬ್ಬಿನ ಗುಳಿಗೆ ಕೊಡುವುದು. ಇದಕ್ಕೆ ಬೆಂಗಳೂರು ಬೇಡ, ಕಲಬುರಗಿಯೂ ಬೇಡ.

ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರ ತಾಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಿದೆ. ಇದನ್ನು ಮೆಚ್ಚುತ್ತೇವೆ. ಆದರೆ ನೋವೇ ಕಾಣದ ಮಧುಮೇಹಿ ಆ ಚುಚ್ಚುಮದ್ದಿನವರೆಗೆ ವೇಳೆಗೆ ತಲುಪುವುದು ಹೇಗೆ? ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಷ್ಟೇ ಸಾಲದು. ಗೃಹ ಆರೋಗ್ಯ ಯೋಜನೆಯಡಿ ಮನೆಬಾಗಿಲಿಗೆ ಬರುವವರು ಬೆರಳು ಚುಚ್ಚಿ ಹೋದರೆ ಸಾಲದು, ಕಾಲನ್ನೂ ನೋಡಲಿ.

ಸರ್ಕಾರವನ್ನು ಕೇಳುವ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ಬೀಡಿ, ಗುಟ್ಕಾ ಬಿಡಿಸಲು ಯಾವ ಶಿಬಿರ ಬರಬೇಕು? ಮುಂದಿನ ಸಲ ದವಾಖಾನೆಗೆ ಹೋದಾಗ ಶುಗರ್ ಎಷ್ಟೆಂದು ಕೇಳಿ ಎದ್ದು ಬರಬೇಡಿ. ಚಪ್ಪಲಿ ಬಿಡಿ, ಕಾಲು ಮುಂದಿಡಿ, 'ಇದನ್ನೂ ನೋಡ್ರಿ' ಎನ್ನಿ.