ಶೇಕಡಾ ಇಷ್ಟು ಸರಿ, ಯಾವುದರ ಮೇಲೆ?

ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಕೋಲ್ಕತ್ತದ ಗರಿಯಾಹಾಟ್, ಹಾತಿಬಾಗಾನ್, ನ್ಯೂ ಮಾರ್ಕೆಟ್‌ಗಳ ಫುಟ್‌ಪಾತಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕನ್ನಡಿಗರ ವರ್ಷ ಚೈತ್ರದಲ್ಲಿ ಶುರುವಾದರೆ ಬಂಗಾಳಿಗಳ ವರ್ಷ ಚೈತ್ರದಲ್ಲಿ ಮುಗಿಯುತ್ತದೆ. ಅವರ ಹೊಸ ವರ್ಷದ ಮೊದಲ ದಿನವಾದ ಪೊಯ್ಲಾ ಬೈಶಾಖ್‌ನಂದು ವ್ಯಾಪಾರಿಗಳು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಅಷ್ಟರೊಳಗೆ ಹಳೇ ಸರಕು ಖಾಲಿಯಾಗಬೇಕು. ಅದಕ್ಕೇ ಈ ಚೈತ್ರ ಸೇಲ್.

ಇಂಥ ಸೇಲುಗಳಲ್ಲಿ ಎಲ್ಲ ಊರಲ್ಲೂ ಕಾಣುವ ಒಂದು ಬೋರ್ಡಿದೆ: ‘ಶೇ 50 ರಿಯಾಯಿತಿ, ಅದರ ಮೇಲೆ ಮತ್ತೆ ಶೇ 20’. ಓದಿದವರ ತಲೆ ತಾನಾಗಿಯೇ ಎಪ್ಪತ್ತು ಎಂದು ಕೂಡಿಸಿಬಿಡುತ್ತದೆ. ಸಾವಿರ ರೂಪಾಯಿಯ ಸೀರೆಯನ್ನೇ ತೆಗೆದುಕೊಳ್ಳಿ. ಮೊದಲ ರಿಯಾಯಿತಿಗೆ ಬೆಲೆ 500ಕ್ಕೆ ಇಳಿಯಿತು. ಎರಡನೆಯ ರಿಯಾಯಿತಿ ಸಿಗುವುದು ಆ 500ರ ಮೇಲೆ, ಅಂದರೆ ನೂರು ರೂಪಾಯಿ. ಸೀರೆ ಕೈಗೆ ಬರುವುದು 400ಕ್ಕೆ. 300 ಎಂದುಕೊಂಡು ಹೋದವರು ಕೌಂಟರಿನಲ್ಲಿ ಪರ್ಸು ತಡಕಾಡಬೇಕು. ಅಂಗಡಿಯವನು ಸುಳ್ಳು ಹೇಳಿಲ್ಲ. ‘ಅದರ ಮೇಲೆ’ ಎಂದು ಬೋರ್ಡಿನಲ್ಲೇ ಬರೆದಿದ್ದಾನೆ.

ಶೇಕಡಾವಾರು ಲೆಕ್ಕ ಬರುವುದಿಲ್ಲ ಎಂದು ಕೊರಗುವವರಿಗೆ ನಿಜವಾಗಿ ಬಾರದಿರುವುದು ಗುಣಾಕಾರವಲ್ಲ. ಮೊಬೈಲು ಅದನ್ನು ಮಾಡಿಕೊಡುತ್ತದೆ. ಮೊಬೈಲಿಲ್ಲದಿದ್ದರೂ 850ರ ಶೇ 10 ಎಂದರೆ 85, ಅದರರ್ಧ ಶೇ 5, ಎರಡೂ ಸೇರಿ ಶೇ 15 ಎಂದು ತರಕಾರಿ ಕೊಳ್ಳುವ ಯಾರಾದರೂ ಹೇಳಿಯಾರು. ತೊಡಕಿರುವುದು ಯಾವುದರ ಶೇಕಡಾ ಎಂಬಲ್ಲಿ. ಅದನ್ನು ಮೊಬೈಲು ಹೇಳುವುದಿಲ್ಲ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಮಹಾಲಯದ ಮರುದಿನ, ದುರ್ಗಾ ಪೂಜೆಯ ಖರೀದಿಯ ಭರಾಟೆಯ ನಡುವೆ. ಏರ್ ಕಂಡೀಷನರ್ ಮೇಲಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಹಾಗಾದರೆ ಬೆಲೆ ಶೇ 10 ಕಡಿಮೆಯಾಗಬೇಕಲ್ಲ? ಇಲ್ಲ. ತೆರಿಗೆಗೆ ಮುಂಚಿನ ಬೆಲೆ 30,000 ಎಂದಿಟ್ಟುಕೊಂಡರೆ ಗಿರಾಕಿ ಮೊದಲು ಕೊಡುತ್ತಿದ್ದುದು 38,400, ಆಮೇಲೆ 35,400. ಉಳಿದದ್ದು 3,000. ತೆರಿಗೆ ಕೂಡಿದ ಹಳೇ ಬೆಲೆಗೆ ಹೋಲಿಸಿದರೆ ಇದು ಶೇ 7.8 ಮಾತ್ರ. 3,840 ಇಳಿಯಬೇಕಿತ್ತು ಎಂದು ಕೋಲ್ಕತ್ತದ ಚಾಂದನಿ ಚೌಕಿನ ಅಂಗಡಿಯಲ್ಲಿ ಜಗಳಕ್ಕೆ ನಿಂತರೆ ಸೋಲು ಗಿರಾಕಿಯದೇ. ಬಿಲ್ಲಿನೊಳಗಿನ ತೆರಿಗೆಯನ್ನು ತೆಗೆಯಲು ಶೇ 18 ಕಳೆದರೆ ತಪ್ಪಾಗುತ್ತದೆ, 118ರಿಂದ ಭಾಗಿಸಿ ನೂರರಿಂದ ಗುಣಿಸಬೇಕು.

ಬೌಬಜಾರಿನ ಚಿನ್ನದಂಗಡಿಗಳ ಸಾಲಿಗೆ ಬಂದರೆ ಆಟ ಇನ್ನೂ ನಯವಾದದ್ದು. ಆಭರಣದ ಮೇಲಿನ 916 ಎಂಬ ಗುರುತು ಕೂಡ ಶೇಕಡಾವಾರೇ: 22 ಕ್ಯಾರೆಟ್ ಎಂದರೆ 24ರಲ್ಲಿ 22 ಪಾಲು, ಶೇ 91.6 ಶುದ್ಧ ಚಿನ್ನ. ಹಬ್ಬದ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ‘ಶೇ 25 ರಿಯಾಯಿತಿ’ ಎಂದಿರುತ್ತದೆ, ಕೆಳಗೆ ಇರುವೆ ಗಾತ್ರದಲ್ಲಿ ‘ಮಜೂರಿಯ ಮೇಲೆ’. ಚಿನ್ನದ ಬೆಲೆ ಒಂದು ಲಕ್ಷ, ಮಜೂರಿ ಶೇ 12 ಎಂದುಕೊಳ್ಳೋಣ. ಮಜೂರಿ 12,000, ಅದರ ಕಾಲು ಭಾಗ 3,000. ಒಟ್ಟು 1,12,000ದಲ್ಲಿ ಮೂರು ಸಾವಿರವೆಂದರೆ ಶೇ 2.7. ಆಮೇಲೆ ಉಳಿದ 1,09,000ದ ಮೇಲೆ ಶೇ 3ರ ಜಿಎಸ್‌ಟಿ, 3,270 ರೂಪಾಯಿ. ಇಪ್ಪತ್ತೈದನ್ನು ನಂಬಿ ಒಳಹೊಕ್ಕವರಿಗೆ ಸಿಕ್ಕ ರಿಯಾಯಿತಿಯನ್ನು ತೆರಿಗೆಯೇ ನುಂಗಿ ಹಾಕಿತು.

ಸೀರೆ, ಒಡವೆಯಲ್ಲಿ ಹೋಗುವುದು ಮೂರು ಕಾಸು. ಮನೆಯೇ ಮುಳುಗುವುದು ಬಡ್ಡಿಯಲ್ಲಿ. 1975ರಲ್ಲಿ ಕಲ್ಕತ್ತದಲ್ಲಿ ‘ಸಂಚಯಿತಾ ಇನ್ವೆಸ್ಟ್‌ಮೆಂಟ್ಸ್’ ಎಂಬ ಠೇವಣಿ ಸಂಸ್ಥೆ ಏಳು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರುವಾಯಿತು. 1982ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕಂಡ ಅದರ ಪ್ರಕರಣದ ದಾಖಲೆಗಳು ಹೇಳುವಂತೆ, ಠೇವಣಿ ಪತ್ರದಲ್ಲಿ ನಮೂದಾಗಿದ್ದ ಬಡ್ಡಿ ವರ್ಷಕ್ಕೆ ಶೇ 12. ಜನರ ಕೈಗೆ ಸೇರುತ್ತಿದ್ದುದು ಶೇ 48, ಆಮೇಲೆ 36. ಕರ್ನಾಟಕದ ಹಳ್ಳಿಗಳ ಕೈಸಾಲದ ಭಾಷೆಯಲ್ಲಿ ಹೇಳುವುದಾದರೆ ನೂರಕ್ಕೆ ನಾಲ್ಕು, ನೂರಕ್ಕೆ ಮೂರು. ಅಲ್ಲಿ ಈ ಲೆಕ್ಕ ತಿಂಗಳಿನದು ಎಂದು ಸಾಲಗಾರನಿಗೂ ಗೊತ್ತು, ಸಾಹುಕಾರನಿಗೂ ಗೊತ್ತು. ವರ್ಷಕ್ಕೆ ಹೊಂದಿಸಿ ನೋಡುವವರು ಮಾತ್ರ ಕಡಿಮೆ. ವರ್ಷಕ್ಕೆ ಶೇ 48ರಂತೆ ಬಡ್ಡಿಗೆ ಬಡ್ಡಿ ಸೇರಿದರೆ ಹತ್ತು ಸಾವಿರ ಐದೇ ವರ್ಷದಲ್ಲಿ 71,000 ದಾಟುತ್ತದೆ. ಯಾವ ವ್ಯಾಪಾರ ಅಷ್ಟು ದುಡಿದು ಕೊಟ್ಟೀತು ಎಂದು ಒಬ್ಬರು ಬೆರಳು ಮಡಚಿ ಎಣಿಸಿದ್ದರೂ ಸಾಕಿತ್ತು. 2013ರ ಏಪ್ರಿಲ್‌ನಲ್ಲಿ, ಹೀಗೇ ಠೇವಣಿ ಸಂಗ್ರಹಿಸುತ್ತಿದ್ದ ಶಾರದಾ ಸಮೂಹವೂ ಕುಸಿದಾಗ ಅದೇ ಊರು ಅದೇ ಪಾಠವನ್ನು ಮತ್ತೆ ಓದಬೇಕಾಯಿತು.

ಯಾವುದರ ಮೇಲೆ ಎಂದು ಹೇಳುವ ವಿಷಯದಲ್ಲಿ ಪತ್ರಿಕೆಗಳೂ ಸಾಚಾ ಅಲ್ಲ. 2025ರ ಏಪ್ರಿಲ್‌ನಿಂದ ಪಶ್ಚಿಮ ಬಂಗಾಳ ಸರ್ಕಾರ ತನ್ನ ನೌಕರರ ತುಟ್ಟಿಭತ್ಯೆಯನ್ನು ಮೂಲ ವೇತನದ ಶೇ 14ರಿಂದ 18ಕ್ಕೆ ಏರಿಸಿತು. ‘ತುಟ್ಟಿಭತ್ಯೆ ಶೇ 4ರಷ್ಟು ಹೆಚ್ಚಳ’ ಎಂಬುದು ಇಂಥ ಸುದ್ದಿಗೆ ಎಲ್ಲ ಭಾಷೆಗಳಲ್ಲೂ ಸಿದ್ಧವಾಗಿರುವ ಶೀರ್ಷಿಕೆ. ಮೂಲ ವೇತನ 30,000 ಇರುವ ನೌಕರನ ಭತ್ಯೆ 4,200ರಿಂದ 5,400 ಆಯಿತು. ಭತ್ಯೆಯಷ್ಟನ್ನೇ ನೋಡಿದರೆ ಏರಿಕೆ ಶೇ 28.6. ಮೂಲ ವೇತನ, ಭತ್ಯೆ ಎರಡನ್ನೂ ಕೂಡಿ ನೋಡಿದರೆ 34,200ರಿಂದ 35,400ಕ್ಕೆ, ಅಂದರೆ ಶೇ 3.5. ಸರ್ಕಾರ ದೊಡ್ಡ ಅಂಕಿಯನ್ನೂ ನೌಕರರ ಸಂಘ ಚಿಕ್ಕದನ್ನೂ ಹಿಡಿದುಕೊಂಡು ಕೂಗಬಹುದು, ಇಬ್ಬರ ಲೆಕ್ಕವೂ ಸರಿ. ಶೇಕಡಾ ಎಂದಲ್ಲಿ ಪಕ್ಕದಲ್ಲೇ ರೂಪಾಯಿಯನ್ನೂ ಅದೇ ಗಾತ್ರದ ಅಕ್ಷರದಲ್ಲಿ ಬರೆಯಬೇಕೆಂಬ ಕಟ್ಟಳೆ ಜಾಹೀರಾತಿಗೂ ಬೇಕು, ಸುದ್ದಿಮನೆಗೂ ಬೇಕು.

ಅಂಕಿ-ಅಂಶಕ್ಕೆ ಬರವಿಲ್ಲದ ನಗರ ಕೋಲ್ಕತ್ತ. ಮಹಾಲನೋಬಿಸ್ 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ್ದು ಅಲ್ಲಿ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಾಗಿ ಬೆಳೆದದ್ದೂ ಅದೇ ಸಂಸ್ಥೆಯಲ್ಲಿ. ಕಲಿಕೆ ಅಲ್ಲಿಂದ ಕೆಳಗಿಳಿದು ಏಳನೇ ತರಗತಿಯವರೆಗೆ ಬರುವಷ್ಟರಲ್ಲಿ ಎಲ್ಲೋ ಸೋರಿಹೋಗುತ್ತದೆ, ಅಲ್ಲೂ, ಇಲ್ಲೂ. ‘400ರ ಶೇ 15 ಎಷ್ಟು’ ಎಂದು ಪಠ್ಯ ಕೇಳುತ್ತದೆ; ಅದು 400ರದ್ದೇ ಎಂದು ಮೊದಲೇ ಹೇಳಿಬಿಟ್ಟಿರುತ್ತದೆ. ಕಷ್ಟದ ಭಾಗ ಅಲ್ಲಿಗೇ ಮುಗಿಯಿತು. ಅದರ ಬದಲು ಆ ತುಟ್ಟಿಭತ್ಯೆಯ ಶೀರ್ಷಿಕೆಯನ್ನೇ ಕತ್ತರಿಸಿ ಪ್ರಶ್ನೆಪತ್ರಿಕೆಗೆ ಅಂಟಿಸಿ, ಏರಿಕೆ ಎಷ್ಟು ಎಂದು ಕೇಳಲಿ. ಒಬ್ಬಳು 28.6 ಎಂದು ಬರೆದರೂ ಇನ್ನೊಬ್ಬ 3.5 ಎಂದು ಬರೆದರೂ, ಯಾವುದರ ಮೇಲೆ ಎಂದು ಪಕ್ಕದಲ್ಲಿ ಬರೆದಿದ್ದರೆ, ಮೇಷ್ಟರು ಇಬ್ಬರಿಗೂ ಪೂರ್ತಿ ಅಂಕ ಕೊಡಬೇಕಾಗುತ್ತದೆ.